ವಯಸ್ಸು ಅಂತ ಬಿಡಬೇಡ ಪುಟ್ಟಿ

ಪುಟ್ಟಿ, ಅಪ್ಪ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ, ಶುಗರ್ ಇಲ್ಲ, ವಯಸ್ಸಿಗೆ ಹಾಗಾಗುತ್ತಾ ದೊಡ್ಡಪ್ಪ ಅಂತ ಕೇಳಿದ್ದೀಯಲ್ಲ. ಬೆಳಿಗ್ಗೆಯಿಂದ ಅದೇ ತಲೆಯಲ್ಲಿದೆ. ವಯಸ್ಸು ಅಂತ ಬಿಡಬೇಡ ಮಗಳೇ. ನಾನು ಹಾಗೆ ಬಿಟ್ಟೇ ಕೆಟ್ಟೆ.

ನನಗೆ ಶುರುವಾಗಿದ್ದು 66ಕ್ಕೆ. ಎಷ್ಟು ಹೊತ್ತು ನಿಂತರೂ ಬರುತ್ತಿರಲಿಲ್ಲ. ನೀರಿನ ಸದ್ದಿಗಾದರೂ ಬರಲಿ ಅಂತ ನಲ್ಲಿ ಬಿಟ್ಟು, ಗೋಡೆಗೆ ಕೈ ಕೊಟ್ಟು ನಿಲ್ಲುತ್ತಿದ್ದೆ. ಬಂದರೂ ಸಣ್ಣ ಧಾರೆ, ನಿಂತು ನಿಂತು. ಬಂದು ಮಲಗಿದರೆ ಹತ್ತು ನಿಮಿಷಕ್ಕೆ ಮತ್ತೆ ಹೋಗಬೇಕು. ಎರಡು ವರ್ಷ ಯಾರಿಗೂ ಹೇಳಲಿಲ್ಲ, ನಿಮ್ಮ ದೊಡ್ಡಮ್ಮನಿಗೂ.

ಆಮೇಲೆ ಒಂದು ನೆಗಡಿ ಬಂತು. ಯಾರನ್ನೂ ಕೇಳದೆ ನೆಗಡಿ ಮಾತ್ರೆ ತಂದು ಎರಡು ದಿನ ನುಂಗಿದೆ. ಆ ರಾತ್ರಿ ಪೂರ್ತಿ ಕಟ್ಟಿಕೊಂಡಿತು. ಒಂದು ಹನಿ ಇಲ್ಲ. ಹೊಕ್ಕುಳ ಕೆಳಗೆ ಕಲ್ಲಿನ ಹಾಗಾಗಿತ್ತು. ಕೂರೋಕಾಗದು, ನಿಲ್ಲೋಕಾಗದು. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದ ಮೇಲೆ ಚೀಲಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಬಂತು. ದೊಡ್ಡಮ್ಮ ಆ ಚೀಲ ಹಿಡಿದುಕೊಂಡು ಅಳುತ್ತಾ ನಿಂತಿದ್ದಳು. ಗಂಡಸರಿಗೆ ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಇರುತ್ತದೆ, ಅದು ದಪ್ಪವಾಗಿ ಮೂತ್ರದ ದಾರಿಯನ್ನು ಒತ್ತಿತ್ತು. ಅಂಥವರಿಗೆ ಕೆಲವು ನೆಗಡಿ ಮಾತ್ರೆ ಆಗಲ್ಲ ಅಂತ ಡಾಕ್ಟರ್ ಆಗ ಹೇಳಿದರು. ಮೂತ್ರ ಒಳಗೇ ಉಳಿದು ಉಳಿದು ಕಿಡ್ನಿಗೂ ಪೆಟ್ಟು ಬೀಳುತ್ತದೆ.

ಅದಕ್ಕೇ ಮತ್ತೆ ಹೇಳುತ್ತಿದ್ದೀನಿ, ವಯಸ್ಸು ಅಂತ ಬಿಡಬೇಡ. ಡಾಕ್ಟರನ್ನು ಕೇಳದೆ ನೆಗಡಿ ಮಾತ್ರೆ ಕೊಡಬೇಡ.

ಒಂದು ಬೇಜಾರು ಇನ್ನೂ ಹೋಗಿಲ್ಲ ನನಗೆ. ಟ್ಯೂಬ್ ಹಾಕಿಕೊಂಡು ಮನೆಗೆ ಬಂದಾಗ ನಿಮ್ಮಪ್ಪ ನೋಡೋಕೆ ಬಂದಿದ್ದ. ಚೀಲ ಮಂಚದ ಪಕ್ಕದಲ್ಲೇ ನೇತಾಡುತ್ತಿತ್ತು. ಅವನು ಕಿಟಕಿ ನೋಡುತ್ತಾ ಅರ್ಧ ಗಂಟೆ ಮನೆ ರಿಪೇರಿ ಮಾತಾಡಿ ಎದ್ದು ಹೋದ. ಏನಾಯ್ತಣ್ಣಾ ಅಂತ ಒಂದು ಮಾತು ಕೇಳಲಿಲ್ಲ. ನಮ್ಮಪ್ಪನೂ ಹೀಗೇ. ಕೊನೆಕೊನೆಗೆ ಸೊಂಟ ನೋವು ಅಂತ ನರಳುತ್ತಿದ್ದರು, ಏನು ಅಂತ ಹೇಳಲೂ ಇಲ್ಲ, ನಾವು ಕೇಳಲೂ ಇಲ್ಲ. ಅವತ್ತು ನಾವಿಬ್ಬರು ಬಾಯಿಬಿಟ್ಟು ಮಾತಾಡಿದ್ದರೆ ಇವತ್ತು ನೀನು ಇಲ್ಲಿ ಕೇಳಬೇಕಾಗಿತ್ತಾ?

ಅಯ್ಯೋ, ಮಾಡಬೇಕಾದ್ದನ್ನೇ ಹೇಳಲಿಲ್ಲ. ಯೂರಾಲಜಿಸ್ಟ್, ಅಂದರೆ ಮೂತ್ರದ ತೊಂದರೆ ನೋಡುವ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು. ಅಷ್ಟರಲ್ಲಿ ಮೂರು ದಿನ, ಎಷ್ಟು ಗಂಟೆಗೆ ಎದ್ದ, ಎಷ್ಟು ಹೋಯಿತು ಅಂತ ಬರೆದಿಡಲಿ. ನುಂಗುವ ಮಾತ್ರೆಗಳನ್ನೆಲ್ಲ ಜೊತೆಗೆ ತಗೊಂಡು ಹೋಗಿ. ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಸ್ಕ್ಯಾನ್ ಮಾಡಿ, ಹೋಗಿ ಬಂದ ಮೇಲೂ ಒಳಗೆ ಎಷ್ಟು ಉಳಿದಿದೆ ಅಂತ ನೋಡುತ್ತಾರೆ. ಪ್ರಾಸ್ಟೇಟ್‌ಗೆ ಅಂತ ಪಿಎಸ್ಎ ಅನ್ನೋ ಒಂದು ರಕ್ತ ಪರೀಕ್ಷೆ ಇದೆ, ಅದನ್ನೂ ಕೇಳು. ಅದು ಜಾಸ್ತಿ ಬಂದ ತಕ್ಷಣ ಕ್ಯಾನ್ಸರ್ ಅಂತ ಹೆದರಬೇಡಿ. ಪ್ರಾಸ್ಟೇಟ್ ಸುಮ್ನೆ ದಪ್ಪವಾಗಿದ್ದರೂ, ಸೋಂಕಿದ್ದರೂ ಏರುತ್ತದೆ. ಆದರೆ ಕ್ಯಾನ್ಸರ್ ಶುರುವಿನಲ್ಲಿ ಏನೂ ತೋರಿಸದೆ ಇರಬಹುದು, ಅದಕ್ಕೇ ಕೇಳು ಅನ್ನೋದು. ಮೂತ್ರದಲ್ಲಿ ರಕ್ತ ಕಂಡರೆ ತಡ ಮಾಡಬೇಡ. ಪೂರ್ತಿ ಕಟ್ಟಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡ, ಆಗಲೇ ಆಸ್ಪತ್ರೆಗೆ ಹೊರಡಿ.

ಸಂಜೆ ನಿಮ್ಮಪ್ಪನ ಕೈಗೆ ಫೋನ್ ಕೊಡು. ನಾನೇ ಕೇಳುತ್ತೀನಿ.