ಅಪ್‌ಡೇಟ್: ಬಡಾವಣೆಯ ವಾದ್ಯವೃಂದ ಕೂಡಿಬಂತು

ಮೊದಲು ನಾನು ಕೇಳಿದ್ದ ಪ್ರಶ್ನೆ ಇಷ್ಟು: ಕೈಯಲ್ಲಿ ದುಡ್ಡಿಲ್ಲದೆ ಮೈಸೂರಿನ ಬಡಾವಣೆಯಲ್ಲಿ ಕರ್ನಾಟಕ ಸಂಗೀತದ ವಾದ್ಯವೃಂದ ಕಟ್ಟಲು ಯಾರ ಜೊತೆ ಕೈಜೋಡಿಸಬೇಕು? ಈಗ 2 ವೀಣೆ, 4 ಪಿಟೀಲು, 1 ಕೊಳಲು, ಮೃದಂಗ, ಘಟ ಸೇರಿವೆ.

ಜಾಗ ಶಾಲೆಯೊಂದರ ಹಾಲ್, ಭಾನುವಾರ ಬೆಳಿಗ್ಗೆ 7ರಿಂದ 9. ಬಾಡಿಗೆಯ ಬದಲು ತಿಂಗಳಿಗೆ 2 ದಿನ ಮಕ್ಕಳಿಗೆ ಪಾಠ. ಬಾಯಿಮಾತಿನ ಒಪ್ಪಂದ ಪರೀಕ್ಷೆ ಬಂದ ಕೂಡಲೇ ಮುರಿದು ಹಾಲ್‌ಗೆ ಬೀಗ ಬಿತ್ತು. ಹಾಗಾಗಿ ಈಗ ಒಂದು ಪುಟದ ಪತ್ರವಿದೆ: ವೇಳೆ, ಬೀಗದ ಕೈ ಯಾರ ಬಳಿ, ಪರೀಕ್ಷೆ ತಿಂಗಳಲ್ಲಿ ಬದಲಿ ಜಾಗ (ಹಿರಿಯ ನಾಗರಿಕರ ಸಂಘದ ಕೋಣೆ). ಈ ಮೂರು ಸಾಲು ಬರೆಯದೆ ಯಾರೂ ಶುರು ಮಾಡಬೇಡಿ.

ನಿಜವಾದ ಕಗ್ಗಂಟು ಶ್ರುತಿ, ಅಂದರೆ ಎಲ್ಲ ವಾದ್ಯಗಳೂ ಹೊಂದಿಕೊಳ್ಳಬೇಕಾದ ಆಧಾರ ಸ್ವರ. ಪಿಟೀಲನ್ನು ಏರಿಸಿ ಇಳಿಸಬಹುದು. ಕೊಳಲಿನ ಶ್ರುತಿ ಬಿದಿರಿನ ಉದ್ದಕ್ಕೇ ಬದ್ಧ, ಬೆಚ್ಚಗಾದಂತೆ ಒಂದಿಷ್ಟು ಏರುತ್ತದೆ ಕೂಡ. ಮೃದಂಗದ್ದೂ ಅದೇ ಪಾಡು: ಹೆಚ್ಚು ಶ್ರುತಿಯ ಗಿಡ್ಡ ಮೃದಂಗವನ್ನು ತಗ್ಗಿಸಿದರೆ ನಾದ ಸಾಯುತ್ತದೆ. ವೀಣೆಗೆ ಹಿತವಾಗುವ ಮೂರು ಮನೆ ಶ್ರುತಿ (ಪಾಶ್ಚಾತ್ಯ ಹೆಸರಲ್ಲಿ ಇ ಸ್ವರ) ನಿಗದಿ ಮಾಡಿ, ಅದಕ್ಕೊಪ್ಪುವ ಕೊಳಲು, ಮೃದಂಗ ಹುಡುಕಿದೆವು. ಕೊಳಲನ್ನು 10 ನಿಮಿಷ ಊದಿ, ಅದು ಬೆಚ್ಚಗಾದ ಮೇಲೆಯೇ ಉಳಿದವರು ತಂತಿ ಬಿಗಿಯುವುದು.

ಗಣೇಶೋತ್ಸವ ಮಂಡಳಿಯೊಂದು 40 ನಿಮಿಷ ಕೊಟ್ಟಿದೆ. ವೀಣೆಗೆ ಕಾಂಟ್ಯಾಕ್ಟ್ ಮೈಕ್ (ವಾದ್ಯದ ಮೈಗೇ ಅಂಟಿಸುವಂಥದ್ದು), ಇಬ್ಬಿಬ್ಬರು ಪಿಟೀಲಿನವರಿಗೆ ಒಂದೊಂದು ಮೈಕ್ ಎಂದು ಮೊದಲೇ ಬರೆದುಕೊಟ್ಟಿದ್ದೇವೆ; ಇಲ್ಲದಿದ್ದರೆ ಘಟವೇ ಎಲ್ಲವನ್ನೂ ನುಂಗುತ್ತದೆ. ನಮ್ಮ ವಾದ್ಯವೃಂದವನ್ನು ಸಂಘವಾಗಿ ನೋಂದಾಯಿಸಲು ಕನಿಷ್ಠ 7 ಸದಸ್ಯರು ಬೇಕು. ಅದು ಮುಂದಿನ ಕೆಲಸ.