ಆಟಿ ಹದಿನೆಂಟರ ಮರುದಿನ, ಐನ್‌ಮನೆ ಬಳಗದಲ್ಲಿ

ನಮ್ಮ ಐನ್‌ಮನೆಯವರ, ಎಂದರೆ ಕುಲದ ಮೂಲ ಮನೆಯವರ, ಫೋನ್ ಗುಂಪಾದ ‘ಐನ್‌ಮನೆ ಬಳಗ’ದಲ್ಲಿ 42 ಮಂದಿ ಇದ್ದೇವೆ. ನಿವೃತ್ತ ಕನ್ನಡ ಮೇಷ್ಟ್ರಾದ ದೊಡ್ಡಪ್ಪನವರೇ ಅದರ ಅಡ್ಮಿನ್ ಆಗಿರುವುದರಿಂದ ಅರ್ಧಂಬರ್ಧ ವಾಕ್ಯಕ್ಕೂ ಹೆಬ್ಬೆರಳಿನ ಚಿತ್ರಕ್ಕೂ ಅಲ್ಲಿ ಜಾಗವಿಲ್ಲ. ಜಗಳವಾಡುವುದಿದ್ದರೂ ಕರ್ತೃ, ಕರ್ಮ, ಕ್ರಿಯಾಪದ ಸರಿಯಾಗಿರಬೇಕು. ಮದ್ದುಸೊಪ್ಪಿನ ಪಾಯಸ ಉಣ್ಣುವ ಆಟಿ ಹದಿನೆಂಟರ ಮರುದಿನ, ಆಗಸ್ಟ್ 4ರ ಸೋಮವಾರ ಬೆಳಿಗ್ಗೆ ಅಲ್ಲಿ ನಡೆದದ್ದನ್ನು, ನನ್ನಂತೆಯೇ ಮಗುವಿನ ಅಲರ್ಜಿಯೊಡನೆ ಒದ್ದಾಡುತ್ತಿರುವ ಗೆಳತಿಯೊಬ್ಬಳು ಕೇಳಿದ್ದರಿಂದ, ಮನೆಯವರ ಒಪ್ಪಿಗೆ ಪಡೆದು ಇಳಿಸಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿರುವಂತೆಯೇ ಇವೆ.

ವಿರಾಜಪೇಟೆ ಮಾವ, 6:08
(ಹಲವು ಬಾರಿ ಫಾರ್ವರ್ಡ್ ಆದ ಸಂದೇಶ) ಹಸುಗೂಸಿನ ಮಲದಲ್ಲಿ ರಕ್ತ ಕಂಡರೆ ತಾಯಿಯ ಹಾಲು ಕೆಟ್ಟಿದೆ ಎಂದೇ ಅರ್ಥ. ಕೂಡಲೇ ಎದೆಹಾಲು ನಿಲ್ಲಿಸಿ ಮೇಕೆಯ ಹಾಲು ಕೊಡಿರಿ. ಒಂದೇ ಹನಿ ರಕ್ತದಿಂದ 200 ಆಹಾರಗಳ ಅಲರ್ಜಿಯನ್ನು ಪತ್ತೆ ಹಚ್ಚುತ್ತೇವೆ. ವಿಶೇಷ ಹಾಲಿನ ಪುಡಿಗೂ ನಮ್ಮನ್ನೇ ಸಂಪರ್ಕಿಸಿರಿ. ಹತ್ತು ತಾಯಂದಿರಿಗೆ ಕಳುಹಿಸಿ ಪುಣ್ಯ ಕಟ್ಟಿಕೊಳ್ಳಿರಿ.

ವಿರಾಜಪೇಟೆ ಮಾವ, 6:10
ಯಾರ ಮನಸ್ಸನ್ನೂ ನೋಯಿಸಲು ಇದನ್ನು ಹಾಕಿಲ್ಲ. ನಮ್ಮ ಮನೆಯ ಮಗುವಿಗೂ ಇದೇ ತೊಂದರೆ ಎಂದು ನಿನ್ನೆ ಪಾಯಸ ಕುಡಿಯುವಾಗ ಕಿವಿಗೆ ಬಿತ್ತು. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ದೊಡ್ಡಪ್ಪ, 6:31
ನಿಮ್ಮ ದೊಡ್ಡವ್ವ ಹೇಳುತ್ತಿರುವುದನ್ನು ನಾನು ಬರೆಯುತ್ತಿದ್ದೇನೆ. ಮದ್ದುಸೊಪ್ಪಿನ ಪಾಯಸ ಉಂಡ ಮರುದಿನ ನಮಗೆಲ್ಲರಿಗೂ ಮೂತ್ರ ಕೆಂಪಾಗುವುದಿಲ್ಲವೇ, ಅದೇ ಬಣ್ಣ ಹಾಲಿನಲ್ಲಿ ಇಳಿದು ಮಗುವಿನ ಹೊಟ್ಟೆ ಸೇರಿರಬೇಕು, ಇದಕ್ಕೆ ಡಾಕ್ಟರು ಯಾಕೆ ಎನ್ನುತ್ತಾಳೆ. ಬಾಣಂತಿಗೆ ಎರಡು ತಿಂಗಳಿಂದ ತುಪ್ಪ ಬಿಡಿಸಿದ್ದು ದೊಡ್ಡ ತಪ್ಪು ಎಂದೂ ಹೇಳುತ್ತಾಳೆ.

ನಾನು, 6:50
ದೊಡ್ಡವ್ವ, ಪಾಯಸ ಉಂಡದ್ದು ನಿನ್ನೆ. ಪಾಪುವಿನ ಡೈಪರಿನಲ್ಲಿ ಕೆಂಪು ಮೊದಲು ಕಂಡದ್ದು ಮೇ 27ರಂದು, ಅವಳಿಗೆ ಏಳು ವಾರ ತುಂಬಿದಾಗ. ಅಕ್ಕಿ ತಿಳಿಯಂತಹ ಲೋಳೆಯ ನಡುವೆ ಹೊಲಿಗೆ ದಾರದಷ್ಟು ತೆಳುವಾದ ಎರಡು ಮೂರು ಎಳೆಗಳಿದ್ದವು. ಡಾಕ್ಟರು ಆ ಡೈಪರನ್ನೇ ತರಿಸಿಕೊಂಡು ಪರೀಕ್ಷೆ ಮಾಡಿಸಿದರು, ಅದು ರಕ್ತವೇ. ಮಗು ನಗುತ್ತಿದ್ದಳು, ಹಾಲು ಕುಡಿಯುತ್ತಿದ್ದಳು, ತೂಕವೂ ಏರುತ್ತಿತ್ತು, ಜ್ವರವಿರಲಿಲ್ಲ. ಕೆನ್ನೆಯ ಮೇಲೆ ಮಾತ್ರ ಒರಟು ಇಸುಬು ಎದ್ದಿತ್ತು. ಗುದದ ಸೀಳು, ಸೋಂಕು ಮೊದಲಾದ ಬೇರೆ ಕಾರಣಗಳನ್ನು ನೋಡಿ ಬದಿಗಿಟ್ಟ ಮೇಲೆಯೇ ಅವರು ಅಲರ್ಜಿಯ ಮಾತೆತ್ತಿದ್ದು.

ವಿರಾಜಪೇಟೆ ಮಾವ, 6:58
ಅಂದ ಮೇಲೆ ಹಾಲಿನಲ್ಲೇ ದೋಷವಿದೆ ಎಂದಾಯಿತಲ್ಲ, ಮಗಳೇ. ಈ ಸಂದೇಶ ಹೇಳುವುದೂ ಅದನ್ನೇ.

ನಾನು, 7:24
ಮಾವ, ನೀವು ನಿದ್ದೆಗೆಟ್ಟು ಕಳುಹಿಸಿದ್ದೀರಿ, ಅದಕ್ಕಾಗಿ ನನಗೆ ಕೋಪವಿಲ್ಲ. ಆದರೆ ‘ಹಾಲು ಕೆಟ್ಟಿದೆ’ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ನನ್ನ ಹಾಲಿಗೆ ಪಾಪುವಿನ ಮೈ ಸಿಡಿಯುತ್ತಿಲ್ಲ. ನಾನು ಉಂಡ ಊಟದ ಪ್ರೋಟೀನಿನ ಚೂರು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಹಾಲಿಗೆ ದಾಟುತ್ತದೆ, ಅದಕ್ಕೆ ಸಿಡಿಯುತ್ತಿದೆ. ಹಸುವಿನ ಹಾಲಿನಲ್ಲಿರುವ ಬೀಟಾ ಲ್ಯಾಕ್ಟೋಗ್ಲೋಬ್ಯುಲಿನ್ ಎಂಬ ಪ್ರೋಟೀನನ್ನು ಯಾವ ಹೆಂಗಸಿನ ಮೈಯೂ ತಾನಾಗಿ ತಯಾರಿಸುವುದಿಲ್ಲ, ಆದರೂ ಹಾಲು ಕುಡಿದ ಹಲವು ತಾಯಂದಿರ ಎದೆಹಾಲಿನಲ್ಲಿ ಅದು ಸಿಗುತ್ತದೆ. ಅದರ ಪ್ರಮಾಣವನ್ನು ನ್ಯಾನೋಗ್ರಾಂನಲ್ಲಿ, ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ; ಹೆಚ್ಚಿನ ಮಕ್ಕಳು ಅದನ್ನು ಅರಗಿಸಿಕೊಳ್ಳುತ್ತಾರೆ, ಕೆಲವರ ಕರುಳು ಮಾತ್ರ ಅದನ್ನು ಶತ್ರುವೆಂದು ತಿಳಿಯುತ್ತದೆ. ಹಾಗಿರುವಾಗ ಆ ಚೂರನ್ನು ನನ್ನ ತಟ್ಟೆಯಿಂದ ತೆಗೆದರೆ ಸಾಕು, ಮಗುವನ್ನು ಎದೆಯಿಂದ ತೆಗೆಯಬೇಕಾಗಿಲ್ಲ.

ಮೇಕೆಯ ಹಾಲಿನ ಸಲಹೆಯಂತೂ ಬಾಣಲೆಯಿಂದ ಬೆಂಕಿಗೆ ಹಾಕಿದಂತೆ. ಹಸು ಮತ್ತು ಮೇಕೆಯ ಹಾಲಿನ ಪ್ರೋಟೀನುಗಳು ಎಷ್ಟು ಹೋಲುತ್ತವೆಂದರೆ, ಹಸುವಿನ ಹಾಲು ಆಗದ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೆ ಮೇಕೆಯ ಹಾಲೂ ಆಗದು. ಎಮ್ಮೆಯ ಹಾಲಿನ ಕಥೆಯೂ ಅದೇ. ಜೊತೆಗೆ ಮೇಕೆಯ ಹಾಲಿನಲ್ಲಿ ಫೋಲೇಟ್ ಎಂಬ ವಿಟಮಿನ್ ತೀರಾ ಕಡಿಮೆ. ಅದೊಂದನ್ನೇ ಕುಡಿದು ಬೆಳೆದ ಕೂಸಿಗೆ ರಕ್ತಹೀನತೆ ಬರಬಹುದು.

ಸುಂಟಿಕೊಪ್ಪ ಅಕ್ಕ, 7:40
ತಂಗಿ, ನೀನು ಹೇಳಿದ ವಿಜ್ಞಾನ ಸರಿ. ಆದರೆ ‘ತಟ್ಟೆಯಿಂದ ತೆಗೆದರೆ ಸಾಕು’ ಎಂದು ಎಷ್ಟು ಸಲೀಸಾಗಿ ಬರೆದೆ! ಏಳು ವರ್ಷದ ಹಿಂದೆ ನನ್ನ ಮಗನಿಗೂ ಹೀಗೇ ಆದಾಗ ಒಬ್ಬರು ಹಾಲು ಬಿಡು ಎಂದರು, ಇನ್ನೊಬ್ಬರು ಮೀನು ಬಿಡು ಎಂದರು, ಮತ್ತೊಬ್ಬರು ತೊಗರಿಬೇಳೆ, ಬದನೆ, ಕಡಲೆಕಾಯಿ, ಕೋಳಿ ಎಂದರು. ಬಿಟ್ಟದ್ದನ್ನು ಮತ್ತೆ ಯಾವಾಗ ತಿನ್ನಬೇಕೆಂದು ಯಾರೂ ಹೇಳಲಿಲ್ಲ. ಐದು ತಿಂಗಳು ಅನ್ನ, ಉಪ್ಪು, ಸೋರೆಕಾಯಿ ತಿಂದು, ಒಂದು ಮಧ್ಯಾಹ್ನ ಕಾಫಿ ಒಣಗಿಸುವ ಕಣದಲ್ಲಿ ತಲೆ ಸುತ್ತಿ ಬಿದ್ದೆ. ಆಮೇಲೆ ವೈದ್ಯರು ಪ್ರೋಟೀನನ್ನು ಮೊದಲೇ ಸಣ್ಣಗೆ ಒಡೆದಿಟ್ಟ ಹಾಲಿನ ಪುಡಿಯನ್ನು ಬರೆದುಕೊಟ್ಟರು, ಮಗ ಅದರಲ್ಲೇ ಬೆಳೆದ. ಆಗ ಇದೇ ಗುಂಪಿನಲ್ಲಿ ‘ಡಬ್ಬಿ ಹಾಲಿನ ತಾಯಿ’ ಎಂದು ಬರೆದವರು ಯಾರೆಂದು ನಾನು ಮರೆತಿಲ್ಲ.

ದೊಡ್ಡಪ್ಪ, 7:52
ಬರೆದದ್ದು ನನ್ನ ಕೈ, ಹೇಳಿದ್ದು ನಿಮ್ಮ ದೊಡ್ಡವ್ವ. ಈಗ ಅವಳು ಸುಮ್ಮನೆ ಕುಳಿತಿದ್ದಾಳೆ. ಅದು ತಪ್ಪಾಯಿತು, ಬರೆದ ನನ್ನದೂ ತಪ್ಪೇ.

ನಾನು, 8:15
ಅಕ್ಕ, ನಿನ್ನ ಮಾತು ನನಗೆ ಚುಚ್ಚಿತು, ಚುಚ್ಚಬೇಕಾದದ್ದೇ. ನಿನಗೆ ಬರೆದುಕೊಟ್ಟ ಪುಡಿ ಮದ್ದೇ ಹೊರತು ಸೋಲಲ್ಲ. ತಾಯಿಯ ಊಟ ಬದಲಾಯಿಸಿದರೂ ರಕ್ತ ನಿಲ್ಲದಿದ್ದರೆ, ಮಗುವಿನ ತೂಕ ಏರದಿದ್ದರೆ, ತಾಯಿಯೇ ಬಸವಳಿದರೆ ನಾನೂ ಅದನ್ನೇ ಮಾಡುತ್ತೇನೆ. ಹಾಗೆಂದು ಮಾವ ಹಾಕಿದ ಸಂದೇಶದಲ್ಲಿರುವ ಪುಡಿಯನ್ನಲ್ಲ. ಕೂಸುಗಳ ಬದಲಿ ಹಾಲನ್ನು ಜಾಹೀರಾತು ಮಾಡಿ ಮಾರುವುದನ್ನೇ ನಮ್ಮ ದೇಶ 1992ರ ಕಾಯ್ದೆಯಲ್ಲಿ ನಿಷೇಧಿಸಿದೆ.

ಬಿಟ್ಟದ್ದನ್ನು ಮತ್ತೆ ಯಾವಾಗ ತಿನ್ನಬೇಕೆಂದು ಹೇಳುವವರು ನನಗೆ ಸಿಕ್ಕರು, ನನ್ನ ಅದೃಷ್ಟ ಅಷ್ಟೇ. ತೋಟದ ಹಳೆಯ ಚೆಕ್‌ರೋಲ್ ಪುಸ್ತಕವೊಂದನ್ನು ಅಪ್ಪನಿಂದ ಇಸಿದುಕೊಂಡು, ಆಳುಗಳ ಹೆಸರಿನ ಸಾಲಿನಲ್ಲಿ ಆಹಾರದ ಹೆಸರು, ಹಾಜರಿಯ ಚೌಕದಲ್ಲಿ ಪಾಪುವಿನ ಡೈಪರಿನ ಸ್ಥಿತಿ ಬರೆಯುತ್ತಾ ಬಂದೆ. ಮೇ 30ಕ್ಕೆ ಹಾಲು, ಮೊಸರು, ತುಪ್ಪ ನಿಂತವು. ದೊಡ್ಡವ್ವ, ತುಪ್ಪದಲ್ಲಿಯೂ ಹಾಲಿನ ಪ್ರೋಟೀನಿನ ಪಸೆ ಉಳಿದಿರುತ್ತದೆ, ಬಿಡಿಸಿದ್ದು ಅದಕ್ಕೆ. ಎರಡು ವಾರದಲ್ಲಿ ಎಳೆಗಳು ಕಡಿಮೆಯಾದವು, ನಿಲ್ಲಲಿಲ್ಲ. ಮೊಟ್ಟೆ ಬಿಟ್ಟೆ; ಕೆನ್ನೆ ನುಣುಪಾಯಿತು, ಲೋಳೆ ಉಳಿಯಿತು. ಕೊನೆಗೆ ಪುಸ್ತಕ ತಿರುವಿ ಹಾಕುವಾಗ ನನ್ನ ಪೆದ್ದುತನ ಕಣ್ಣಿಗೆ ಬಿತ್ತು. ಹಸುವಿನ ಹಾಲು ಬಿಟ್ಟ ದಿನದಿಂದ ಕಾಫಿಗೆ ಸೋಯಾ ಹಾಲು ಹಾಕಿಕೊಳ್ಳುತ್ತಿದ್ದೆ, ವಾರಕ್ಕೆ ಎರಡು ಬಾರಿ ಸೋಯಾ ಉಂಡೆಯ ಸಾರೂ ಆಗುತ್ತಿತ್ತು! ಹಾಲಿಗೆ ಸಿಡಿಯುವ ಕೆಲವು ಮಕ್ಕಳು ಸೋಯಾಕ್ಕೂ ಸಿಡಿಯುತ್ತಾರೆಂಬುದನ್ನು ಡಾಕ್ಟರು ಮೊದಲ ದಿನವೇ ಹೇಳಿದ್ದರು. ನಿದ್ದೆಯಿಲ್ಲದ ತಲೆಗೆ ಅದು ಇಳಿದಿರಲಿಲ್ಲ. ಸೋಯಾ ನಿಲ್ಲಿಸಿದ ಐದನೆಯ ದಿನ ಚೌಕದಲ್ಲಿ ಬರೆಯಲು ಏನೂ ಇರಲಿಲ್ಲ.

ಆಮೇಲೆ ನನ್ನಷ್ಟಕ್ಕೆ ಹೆದರಿ ಬಿಟ್ಟಿದ್ದ ಗೋಧಿ, ಮೀನು, ಕಡಲೆಕಾಯಿಗಳನ್ನು ಒಂದೊಂದಾಗಿ, ನಡುವೆ ದಿನ ಬಿಟ್ಟು, ಮತ್ತೆ ತಿಂದೆ. ಮಗುವಿಗೆ ಏನೂ ಆಗಲಿಲ್ಲ, ಅವು ತಟ್ಟೆಗೆ ಮರಳಿದವು. ಎರಡರಿಂದ ನಾಲ್ಕು ವಾರ ಬಿಟ್ಟು ನೋಡಬೇಕು, ಗುಣ ಕಾಣದಿದ್ದರೆ ಆ ಆಹಾರವನ್ನು ತಾಯಿಗೆ ಮರಳಿಸಬೇಕು, ಗುಣ ಕಂಡರೂ ಮತ್ತೊಮ್ಮೆ ತಿಂದು ಖಚಿತ ಮಾಡಿಕೊಳ್ಳಬೇಕು ಎಂಬುದು ಕ್ರಮ. ಹಾಲಿನ ಮಟ್ಟಿಗೆ ಆ ಖಾತರಿ ತಾನಾಗಿಯೇ ಆಯಿತು: ಜುಲೈಯಲ್ಲಿ ಮರೆತು ಬೇಕರಿಯ ಬನ್ ತಿಂದೆ, ಮೂರನೆಯ ದಿನ ಎಳೆ ಮರಳಿ ಬಂತು. ಕರೆಂಟು ಹೋದ ಆ ರಾತ್ರಿ ಟಾರ್ಚ್ ಹಿಡಿದು ಮನೆಯ ಬಿಸ್ಕತ್ತಿನ ಪೊಟ್ಟಣಗಳನ್ನೆಲ್ಲ ಓದಿದೆ. ಎಲ್ಲದರ ಮೇಲೂ ಹಾಲಿನ ಘನಾಂಶ ಇತ್ತು. ಪೊಟ್ಟಣದ ಮೇಲೆ ಅಲರ್ಜಿಕಾರಕಗಳನ್ನು ನಮೂದಿಸಬೇಕೆಂದು 2020ರ ಲೇಬಲ್ ನಿಯಮ ಹೇಳುತ್ತದೆ, ಆದರೆ ಬೇಕರಿಯ ಗಾಜಿನ ಕಪಾಟಿನಲ್ಲಿರುವ ಬನ್ನಿಗೆ ಲೇಬಲ್ ಎಲ್ಲಿ?

ವಿರಾಜಪೇಟೆ ಮಾವ, 8:29
ಇಷ್ಟೆಲ್ಲ ಚೆಕ್‌ರೋಲ್ ಬರೆಯುವ ಬದಲು ಒಂದು ಹನಿ ರಕ್ತದಲ್ಲಿ ಮುಗಿಸಬಹುದಿತ್ತಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಮಡಿಕೇರಿ ಅತ್ತಿಗೆ, 8:44
ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಓದಿದೆ, ಅಣ್ಣ. ಆ 200 ಆಹಾರಗಳ ಪರೀಕ್ಷೆ ಅಳೆಯುವುದು ಐಜಿಜಿ ಎಂಬ ಪ್ರತಿಕಾಯವನ್ನು. ನಾವು ಏನನ್ನು ತಿಂದಿದ್ದೇವೋ ಅದಕ್ಕೆಲ್ಲ ಅದು ಇರುತ್ತದೆ, ಅದರಿಂದ ಅಲರ್ಜಿ ಗೊತ್ತಾಗುವುದಿಲ್ಲ. ನಿಜವಾದ ಅಲರ್ಜಿ ಪರೀಕ್ಷೆ ಐಜಿಇ ಎಂಬ ಬೇರೊಂದು ಪ್ರತಿಕಾಯದ್ದು, ಇಲ್ಲವೇ ಚರ್ಮದ ಚುಚ್ಚು ಪರೀಕ್ಷೆ. ತಿಂದ ನಿಮಿಷಗಳಿಂದ ಎರಡು ಗಂಟೆಯೊಳಗೆ ಪಿತ್ತಗಂಧೆ ಏಳುವ, ತುಟಿ ಊದುವ ಬಗೆಗೆ ಅವು ನೆರವಾಗುತ್ತವೆ. ಪಾಪುವಿನದು ನಿಧಾನವಾಗಿ ಕರುಳಿನಲ್ಲಿ ಕಾಣಿಸುವ ಬಗೆ. ಅದರಲ್ಲಿ ಆ ಪರೀಕ್ಷೆಗಳೂ ಸಾಮಾನ್ಯವಾಗಿ ಸುಮ್ಮನಿರುತ್ತವೆ, ಆದ್ದರಿಂದ ಬಿಟ್ಟು ತಿಂದು ನೋಡುವುದೇ ಪರೀಕ್ಷೆ. ಒಂದು ಮಾತನ್ನು ಮಾತ್ರ ಎಲ್ಲರೂ ನೆನಪಿಡಿರಿ: ಮಗು ಮೇಲಿಂದ ಮೇಲೆ ವಾಂತಿ ಮಾಡಿ ಬಿಳಿಚಿ ಜೋತುಬಿದ್ದರೆ, ಉಸಿರಾಟ ಕಷ್ಟವಾದರೆ, ಮುಖ ಊದಿದರೆ, ರಕ್ತ ಎಳೆಯಾಗಿರದೆ ಹೆಚ್ಚಾಗಿ ಹೋದರೆ ಗುಂಪಿನಲ್ಲಿ ಬರೆಯುತ್ತಾ ಕೂರದೆ ಆಸ್ಪತ್ರೆಗೆ ಹೊರಡಬೇಕು.

ಸುಂಟಿಕೊಪ್ಪ ಅಕ್ಕ, 8:57
ಅದೆಲ್ಲ ಸರಿ, ನಿನ್ನ ಮೂಳೆಯ ಗತಿಯೇನು? ಹಾಲಿಲ್ಲ, ಮೊಟ್ಟೆಯಿಲ್ಲ, ಸೋಯಾ ಇಲ್ಲ. ಅಷ್ಟು ಬಿಟ್ಟವಳ ಊಟ ಹೇಗಿರುತ್ತದೆಂದು ನನಗೆ ಗೊತ್ತು.

ನಾನು, 9:20
ಡಾಕ್ಟರು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ಕೊಟ್ಟಿದ್ದಾರೆ, ಅದನ್ನು ತಪ್ಪಿಸುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ಕುಶಾಲನಗರದ ಕಡೆಯಿಂದ ರಾಗಿ ತರಿಸಿದ್ದೇವೆ. ಮುಳ್ಳು ಸಮೇತ ಅಗಿಯುವ ಸಣ್ಣ ಒಣಮೀನೂ ಇದೆ. ಉಳಿದಂತೆ, ಅಕ್ಕ, ಈ ಕಾಯಿಲೆಗೆ ನಮ್ಮ ಕೊಡಗಿನ ಅಡುಗೆಮನೆಯಂತಹ ಮದ್ದು ಬೇರೆ ಇಲ್ಲವೆಂದು ನನಗೆ ಅನ್ನಿಸಿದೆ, ಇದನ್ನು ಜಂಬವೆಂದು ತಿಳಿದರೂ ಸರಿ. ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಪುಟ್ಟು, ಕಾಚಂಪುಳಿ ಹಾಕಿದ ಪಂದಿ ಕರಿ, ಈಗ ಮಳೆಗಾಲದ ಕಣಿಲೆ, ತೆಂಗಿನ ಹಾಲಿನ ಸಾರು: ಇವುಗಳಲ್ಲಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ, ಸೋಯಾವೂ ಇಲ್ಲ. ನಿನ್ನೆಯ ಪಾಯಸಕ್ಕೂ ಬೆಲ್ಲ, ತೆಂಗಿನ ಹಾಲು ಮಾತ್ರ ಬಿದ್ದಿತ್ತು, ನನ್ನ ಲೋಟಕ್ಕೆ ಅವ್ವ ತುಪ್ಪ ಹಾಕಲಿಲ್ಲ. ನನ್ನನ್ನು ಕೆಡಿಸಿದ್ದು ಪೇಟೆಯಿಂದ ಬಂದ ಪೊಟ್ಟಣಗಳೇ. ಹಾಗೆಂದು ನಿನ್ನ ಸೋರೆಕಾಯಿಯ ಐದು ತಿಂಗಳನ್ನು ನಾನು ಹಗುರವಾಗಿ ನೋಡುತ್ತಿಲ್ಲ. ನನಗೆ ತವರಿನಲ್ಲಿ ಅಟ್ಟು ಹಾಕುವ ಅವ್ವ ಇದ್ದಾಳೆ. ನೀನು ಆಗ ತೋಟದ ಮನೆಯಲ್ಲಿ ಒಬ್ಬಳೇ ಇದ್ದೆ.

ಸುಂಟಿಕೊಪ್ಪ ಅಕ್ಕ, 9:26
ಒಪ್ಪಿದೆ. ಆದರೆ ತೂಕ ಇಳಿದ ದಿನ ನನಗೆ ಫೋನ್ ಮಾಡಬೇಕು, ಪಾಪುವಿನದಲ್ಲ, ನಿನ್ನ ತೂಕ.

ದೊಡ್ಡಪ್ಪ, 9:38
ಎಷ್ಟು ಕಾಲ ಹೀಗೆ ಎಂದು ನಿಮ್ಮ ದೊಡ್ಡವ್ವ ಕೇಳುತ್ತಿದ್ದಾಳೆ. ಮಗುವಿಗೆ ಅನ್ನ ಕೊಟ್ಟ ಮೇಲೂ ಮೂರು ವರ್ಷ ಕಡಲೆಕಾಯಿ ಮುಟ್ಟಿಸಬಾರದು ಎಂದು ಎಲ್ಲೋ ಓದಿದ ನೆನಪು ನನಗೂ ಇದೆ.

ನಾನು, 9:55
ಈ ಬಗೆಯದು ಹೆಚ್ಚಿನ ಮಕ್ಕಳಲ್ಲಿ ಒಂದು ವರ್ಷ ತುಂಬುವ ಹೊತ್ತಿಗೆ ವಾಸಿಯಾಗುತ್ತದೆ, ದೊಡ್ಡವ್ವ. ಆರು ತಿಂಗಳವರೆಗೆ ನನ್ನ ಹಾಲು ಮಾತ್ರ, ಆಮೇಲೆ ಗಂಜಿಯೊಡನೆ ಅದೂ ಮುಂದುವರಿಯುತ್ತದೆ; ಹಾಲು, ಮೊಟ್ಟೆ, ಸೋಯಾಗಳನ್ನು ಅವಳಿಗೆ ನೇರವಾಗಿ ಕೊಡುವುದು ಯಾವಾಗ, ಎಲ್ಲಿ ಎಂಬುದನ್ನು ಡಾಕ್ಟರೊಡನೆ ಕುಳಿತೇ ನಿರ್ಧರಿಸುತ್ತೇವೆ. ದೊಡ್ಡಪ್ಪ, ನೀವು ಓದಿದ್ದು ಸುಳ್ಳಲ್ಲ. ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಹೇಳಿತ್ತು, 2008ರಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಅಪಾಯವಿದ್ದ 640 ಮಕ್ಕಳ ಮೇಲೆ ಲಂಡನ್ನಿನಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಐದನೆಯ ವಯಸ್ಸಿಗೆ, ಕಡಲೆಕಾಯಿಯನ್ನು ದೂರವಿಟ್ಟವರಲ್ಲಿ ಶೇಕಡಾ 17.2 ಮಂದಿಗೆ ಅದರ ಅಲರ್ಜಿ ಬಂದಿತ್ತು, ಕೂಸಾಗಿದ್ದಾಗಿನಿಂದ ತಿಂದವರಲ್ಲಿ ಶೇಕಡಾ 3.2 ಮಂದಿಗೆ ಮಾತ್ರ. ಇಸುಬು ಇರುವ ಮಗುವಾದ್ದರಿಂದ ನಾವು ಕೇಳಿಕೊಂಡೇ ಕೊಡುತ್ತೇವೆ, ಆದರೆ ಮೂರು ವರ್ಷ ಕಾಯುವುದಿಲ್ಲ.

ವಿರಾಜಪೇಟೆ ಮಾವ, 10:02
(ಈ ಸಂದೇಶವನ್ನು ಅಳಿಸಲಾಗಿದೆ)

ವಿರಾಜಪೇಟೆ ಮಾವ, 10:04
ಬೆಳಿಗ್ಗೆ ಹಾಕಿದ್ದನ್ನು ತೆಗೆಯುವಾಗ ಬೇರೆ ಏನೋ ಅಳಿಸಿಹೋಗಿದೆ, ದೊಡ್ಡಪ್ಪನವರು ನೋಡಿ ಸರಿಪಡಿಸಬೇಕು. ಇದೇ ಸಂದೇಶವನ್ನು ಇನ್ನೂ ಮೂರು ಗುಂಪಿಗೆ ಹಾಕಿದ್ದೇನೆ, ಅಲ್ಲಿಗೂ ನಿನ್ನ ಚೆಕ್‌ರೋಲಿನ ಮಾತನ್ನು ಕಳುಹಿಸಲೇ ಮಗಳೇ?

ನಾನು, 10:06
ಕಳುಹಿಸಿರಿ, ಮಾವ. ಪಾಪುವಿನ ಫೋಟೋ ಮಾತ್ರ ಬೇಡ.

ದೊಡ್ಡಪ್ಪ, 10:21
ಕೈಲ್‌ಪೊಳ್ದಿಗೆ, ನಮ್ಮ ಆಯುಧ ಹಬ್ಬಕ್ಕೆ, ನೀನು ಇಲ್ಲಿಗೇ ಬರಬೇಕೆಂದು ನಿಮ್ಮ ದೊಡ್ಡವ್ವ ಹೇಳುತ್ತಾಳೆ. ಅಕ್ಕಿ ತರಿಯ ತಿಂಡಿಯಾದ ಪಾಪುಟ್ಟಿಗೆ ಹಸುವಿನ ಹಾಲಿನ ಬದಲು ತೆಂಗಿನ ಹಾಲು ಹಾಕಿ ನಿನಗಾಗಿ ಒಂದು ತಟ್ಟೆ ಬೇರೆಯಾಗಿ ಬೇಯಿಸುತ್ತಾಳಂತೆ. ಸುಂಟಿಕೊಪ್ಪದವಳೂ ಬರಬೇಕೆಂದು ಎರಡು ಬಾರಿ ಹೇಳಿದಳು.

ನಾನು, 10:24
ಬರುತ್ತೇನೆ, ದೊಡ್ಡವ್ವ. ತಟ್ಟೆಗೆ ತುಪ್ಪ ಸವರಬೇಡಿರಿ, ತೆಂಗಿನೆಣ್ಣೆ ಸಾಕು.

ದೊಡ್ಡಪ್ಪ, 10:25
‘ಸವರಬೇಡಿರಿ’ ಎಂಬುದನ್ನು ಗಟ್ಟಿಯಾಗಿ ಓದಿ ಹೇಳಿದ್ದೇನೆ. ತುಪ್ಪದ ಭರಣಿಯನ್ನು ಈಗಲೇ ಮೇಲಿನ ಅಟ್ಟಕ್ಕೆ ಸರಿಸಿದಳು.