ಹೆಡ್‌ಫೋನಲ್ಲಿ ಚೆನ್ನಾಗಿರೋ ಮಿಕ್ಸು, ಫೋನಲ್ಲಿ ಹಾಕಿದ್ರೆ ದೊಡ್ಡಮ್ಮನ ದನಿನೇ ಕೇಳಲ್ಲ

ದಾವಣಗೆರೆ ರೆಕಾರ್ಡಿಂಗ್

ಎಲ್ರಿಗೂ ನಮಸ್ಕಾರ್ರಿ. ನಾನು ದಾವಣಗೆರೆ, ವಿದ್ಯಾನಗರ. ನಮ್ಮ ದೊಡ್ಡಮ್ಮ ಸೋಬಾನೆ ಪದ ಹಾಡ್ತಾರೆ, ಚನ್ನಗಿರಿ ಕಡೆ ಹಳ್ಳಿಯೋರು, ಎಪ್ಪತ್ತು ದಾಟೈತಿ, ಜೊತಿಗೆ ಸೊಲ್ಲು ಹಿಡಿಯೋ ಹೆಣ್ಮಕ್ಳು ಈಗ ಯಾರೂ ಉಳಿದಿಲ್ಲ, ಅದಕ್ಕೆ ಅವ್ರ ಬಾಯಿಗೆ ಬರೋ ಅಷ್ಟೂ ಪದ ರೆಕಾರ್ಡ್ ಮಾಡಿಡ್ಬೇಕು ಅಂತ ಹೊಂಟೀನಿ. ಮನೇಲಿ ಹತ್ತಕ್ಕೆ ಹತ್ತಡಿ ರೂಮು, ಎತ್ತರನೂ ಅಷ್ಟೇ. ಆಡಿಯೋ ಟೆಕ್ನಿಕಾ ಎಟಿ 2020 ಮೈಕ್ ಒಂದು, ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಎರಡು ಇನ್‌ಪುಟ್ಟಿನ ಇಂಟರ್‌ಫೇಸು, ಸಾಫ್ಟ್‌ವೇರ್ ರೀಪರ್. ಫ್ಯಾನ್ ಆಫ್ ಮಾಡಿ ಹಾಡಿಸ್ಬೇಕು, ನಮ್ಮೂರ ಬಿಸಿಲು ಗೊತ್ತಲ್ರಿ, ಎರಡು ಪದಕ್ಕೆ ಒಂದ್ಸಲ ಬಾಗ್ಲು ತೆಗೀಬೇಕು. ಆಮೇಲೆ ಫ್ರೆಂಡ್ಸು ಅದೇ ರೂಮಲ್ಲಿ ಹಾರ್ಮೋನಿಯಂ, ತಬಲಾ ನುಡಿಸಿ ಕೊಟ್ರು, ದನಿ ಜೊತಿಗೆ ಎಲ್ಲಾ ಸೇರ್ಸಿ ಮಿಕ್ಸ್ ಮಾಡೀನಿ.

ಈಗ ತೊಂದ್ರೆ ಏನಪ್ಪ ಅಂದ್ರೆ ಹೆಡ್‌ಫೋನಲ್ಲಿ ಭಾಳ ಚೆನ್ನಾಗೈತಿ, ಫೋನಲ್ಲಿ ಹಾಕಿದ್ರೆ ಹಾರ್ಮೋನಿಯಂ ಒಂದೇ ಕೇಳ್ತತಿ, ದೊಡ್ಡಮ್ಮನ ಮಾತು ಅರ್ಥನೇ ಆಗಲ್ಲ, ಮಾವನ ಕಾರಲ್ಲಿ ಹಾಕಿದ್ರೆ ಡಗ್ಗಾ (ತಬಲಾ ಜೋಡಿಲಿ ದೊಡ್ಡದು) ಗುಂಯ್ ಗುಂಯ್ ಅಂತ ಬಾಗ್ಲೇ ನಡುಗ್ತತಿ. ಒಂದು ವಿಡಿಯೋ ನೋಡಿ ದನಿಗೆ ಈಕ್ಯೂನಲ್ಲಿ (ತೆಳು, ದಪ್ಪ ಸದ್ದನ್ನ ಬೇರೆ ಬೇರೆ ಏರಿಸಿ ಇಳಿಸೋದು) 3 ಕಿಲೋಹರ್ಟ್ಜ್ ಹತ್ರ 6 ಡಿಬಿ (ಡೆಸಿಬೆಲ್) ಏರಿಸ್ದೆ, ಗಟ್ಟಿ ಸದ್ದನ್ನ ಅದುಮೋ ಕಂಪ್ರೆಸರ್ 4:1 ಹಾಕ್ದೆ, ಈಗ ದನಿ ತಗಡು ಬಡಿದಂಗ ಆಗೈತಿ. ಮಿಕ್ಸಿಂಗ್ ಕೆಲ್ಸ ಮಾಡಿ ಗೊತ್ತಿರೋರು ಯಾರಾದ್ರು ದಾರಿ ಹೇಳ್ರಿ.

ಕೋಟೆ ಕಿವಿ

ನಾನು ಚಿತ್ರದುರ್ಗ. ಬೆಂಗಳೂರಲ್ಲಿ ಒಂದು ಸ್ಟುಡಿಯೋದಲ್ಲಿ ಆರು ವರ್ಷ ಅಸಿಸ್ಟೆಂಟ್ ಆಗಿದ್ದೆ, ಅಲ್ಲಿ ದೊಡ್ಡೋರು ಮಾಡ್ತಿದ್ದಿದ್ದನ್ನೇ ಹೇಳ್ತೀನಿ. ಮೊದ್ಲು ಹಾಕಿರೋ ಪ್ಲಗಿನ್, ಅಂದ್ರೆ ಈಕ್ಯೂ ಕಂಪ್ರೆಸರ್ ಥರದ್ದು, ಅಷ್ಟೂ ಆಫ್ ಮಾಡಿ. ಒಂದೊಂದರ ವಾಲ್ಯೂಮ್ ಏರಿಸಿ ಇಳಿಸೋ ಫೇಡರ್ ಎಲ್ಲಾ ಕೆಳಗೆ ಇಳಿಸಿ. ಎಲ್ಲಾ ಸದ್ದು ಸೇರೋ ಮಾಸ್ಟರ್‌ನಲ್ಲಿ ಮೋನೋ ಬಟನ್ (ಎಡ ಬಲ ಎರಡನ್ನೂ ಒಂದೇ ಮಾಡೋದು) ಒತ್ತಿ, ವಾಲ್ಯೂಮ್ ಎಷ್ಟು ಕಮ್ಮಿ ಇಡಬೇಕು ಅಂದ್ರೆ ಪಕ್ಕದಲ್ಲಿ ಯಾರಾದ್ರೂ ಮಾತಾಡಿದ್ರೆ ಹಾಡು ಮುಚ್ಚಿ ಹೋಗ್ಬೇಕು, ಅಷ್ಟು. ಈಗ ದೊಡ್ಡಮ್ಮನ ದನಿ ಒಂದನ್ನೇ ಮೇಲೆ ತನ್ನಿ, ಅದು ಕೂತ ಮೇಲೆ ತಬಲಾ, ಕೊನೆಗೆ ಹಾರ್ಮೋನಿಯಂ, ಮಾತು ಮಸುಕಾಗೋಕೆ ಶುರುವಾದ ಜಾಗದಲ್ಲೇ ನಿಲ್ಸಿ. ನೀವು ತಬಲಾ ಹಾರ್ಮೋನಿಯಂ ಮೊದ್ಲು ಇಟ್ಟು ಅದರ ಮೇಲೆ ದನಿ ಇಟ್ಟಿರ್ತೀರ ಅನ್ಸುತ್ತೆ, ಎಲ್ರೂ ಹಂಗೇ ಶುರು ಮಾಡ್ತಾರೆ, ಆಗ ದನಿಗೆ ಜಾಗನೇ ಇರಲ್ಲ.

ಸಣ್ಣ ವಾಲ್ಯೂಮ್ ಯಾಕಂದ್ರೆ ಜೋರಾಗಿ ಕೇಳಿದ್ರೆ ನಮ್ಮ ಕಿವಿಗೆ ಬೇಸ್ ತುಂಬಿ ಬಂದಂಗೆ ಇರುತ್ತೆ, ಇದನ್ನ ಫ್ಲೆಚರ್ ಮತ್ತೆ ಮನ್ಸನ್ ಅನ್ನೋರು 1933ರಲ್ಲೇ ಅಳತೆ ಮಾಡಿ ತೋರ್ಸಿದಾರೆ. ಸಣ್ಣಗೆ ಇಟ್ಟಾಗ್ಲೂ ಮಾತು ತಿಳಿದ್ರೆ ಫೋನಲ್ಲೂ ತಿಳಿಯುತ್ತೆ. ಫೋನ್ ಸ್ಪೀಕರ್ರಿಗೆ ಕೆಳಗಿನ ಬೇಸ್ ಬರೋದೇ ಇಲ್ಲ, ಹಂಗಾಗಿ ಅಲ್ಲಿ ಉಳಿಯೋದು ಮಧ್ಯದ ಸದ್ದು, ಅಲ್ಲಿ ನಿಮ್ಮ ಹಾರ್ಮೋನಿಯಂ ಕಾಲು ಚಾಚಿ ಕೂತೈತೆ.

ಹಾರ್ಮೋನಿಯಂ ಉಸಿರೇ ಬಿಡದೆ ಒಂದೇ ಸಮ ನುಡೀತಿರುತ್ತೆ, ದನಿ ಇರೋ ಜಾಗದಲ್ಲೇ ಇರುತ್ತೆ. ದನಿ ಏರಿಸೋ ಬದ್ಲು ಹಾರ್ಮೋನಿಯಂನಲ್ಲಿ 2ರಿಂದ 4 ಕಿಲೋಹರ್ಟ್ಜ್ ಮಧ್ಯೆ ಅಗಲವಾಗಿ 3 ಡಿಬಿ ಇಳಿಸಿ ನೋಡಿ. ಅದಕ್ಕಿಂತ ಒಳ್ಳೇದು, ನುಡಿಸೋರಿಗೆ ಹೇಳಿ ಸಾಲು ಹಾಡುವಾಗ ಬರೀ ಶ್ರುತಿ ಹಿಡೀಲಿ, ಸಾಲು ಮುಗಿದ ಮೇಲೆ ಸ್ವರ ನುಡಿಸ್ಲಿ. ಈಕ್ಯೂನಲ್ಲಿ ಎರಡು ದಿನ ಒದ್ದಾಡೋದು ಅದರಿಂದ ಐದು ನಿಮಿಷಕ್ಕೆ ಸರಿಹೋಗುತ್ತೆ.

ಇನ್ನೊಂದು ಮರೆತಿದ್ದೆ. ವಯಸ್ಸಾದೋರು ಸಾಲಿನ ಶುರುನಲ್ಲಿ ಗಟ್ಟಿಯಾಗಿ ಎತ್ತಿ, ಕೊನೆ ಪದಕ್ಕೆ ಬರೋ ಹೊತ್ತಿಗೆ ಉಸಿರು ಸಾಲದೆ ನುಂಗಿಬಿಡ್ತಾರೆ. ಆ ಕೊನೆ ಪದ ಕಂಪ್ರೆಸರ್ರಿಂದ ಮೇಲೆ ಬರಲ್ಲ, ಅದು ಬರೀ ಗಟ್ಟಿ ಇರೋದನ್ನ ಅದುಮುತ್ತೆ. ರೀಪರ್‌ನಲ್ಲಿ ಪ್ರೀ ಎಫ್‌ಎಕ್ಸ್ ವಾಲ್ಯೂಮ್ ಎನ್ವಲಪ್ (ಪ್ಲಗಿನ್ನಿಗೆ ಹೋಗೋ ಮೊದ್ಲೇ ಜಾಗ ಜಾಗಕ್ಕೆ ವಾಲ್ಯೂಮ್ ಏರಿಸಿ ಇಳಿಸೋ ಗೆರೆ) ತೆಗೆದು ಪ್ರತಿ ಸಾಲಿನ ಕೊನೆ ಪದನ ಕೈಯಾರೆ 2, 3 ಡಿಬಿ ಎತ್ತಿ. ಒಂದು ಹಾಡಿಗೆ ಅರ್ಧ ಗಂಟೆ ಹಿಡಿಯುತ್ತೆ, ಹಿಡೀಲಿ. ಆಮೇಲೆ ಕಂಪ್ರೆಸರ್ 2:1 ಸಾಕು, ಮೀಟರಲ್ಲಿ 3 ಡಿಬಿಗಿಂತ ಜಾಸ್ತಿ ಇಳೀಬಾರ್ದು.

ಚಳ್ಳಕೆರೆ ಕಂಬಳಿ

ಕಾರಲ್ಲಿ ಗುಂಯ್ ಅನ್ನೋದು ನಿಮ್ಮ ರೂಮಿಂದ ಬಂದಿರೋದು ಬ್ರದರ್. ಶಬ್ದ ಸೆಕೆಂಡಿಗೆ ಹತ್ತತ್ರ 1130 ಅಡಿ ಓಡುತ್ತೆ, ಹತ್ತಡಿ ಗೋಡೆ ಮಧ್ಯೆ ಹೋಗಿ ಬರೋಕೆ 20 ಅಡಿ, ಭಾಗಿಸಿದ್ರೆ 56 ಹರ್ಟ್ಜ್, ಅದರ ಎರಡರಷ್ಟು 113, ಆ ಸದ್ದಿಗೆ ರೂಮೇ ಗುಂಯ್ ಅನ್ನುತ್ತೆ. ನಿಮ್ಮ ರೂಮು ಮೂರೂ ಕಡೆ ಹತ್ತೇ ಅಡಿ ಅಂದ್ರೆ ಮೂರೂ ಕಡೆಯಿಂದ ಅದೇ ನಂಬರು ಒಂದರ ಮೇಲೊಂದು ಬಂದು ಕೂರುತ್ತೆ, ಡಗ್ಗಾದ ಗುಂ ಇರೋದು ಆ ಸುತ್ತಮುತ್ತಲೇ. ತಬಲಾದೋರನ್ನ ಮೂಲೆಲಿ ಕೂರಿಸಿದ್ರಾ? ಮೂಲೆಲಿ ಬೇಸ್ ಇನ್ನೂ ಉಬ್ಬುತ್ತೆ. ತಬಲಾನ ಹಾಲ್‌ಗೆ ತಗೊಂಡು ಹೋಗಿ ಇನ್ನೊಂದ್ಸಲ ನುಡಿಸಿ, ಆಗ್ಲಿಲ್ಲ ಅಂದ್ರೆ ಈಕ್ಯೂನಲ್ಲಿ ಸಣ್ಣದಾಗಿ ಹುಡುಕಿ ಆ ಒಂದು ಜಾಗ ಮಾತ್ರ ಇಳಿಸಿ.

ದನಿಗೆ ನಮ್ಮೂರ ಕುರಿ ಉಣ್ಣೆ ಕರಿ ಕಂಬಳಿ ಸಾಕು. ಹಾಡೋರ ಬೆನ್ನಿಗೆ ಒಂದು, ಎಡಕ್ಕೊಂದು ಬಲಕ್ಕೊಂದು ಹಗ್ಗ ಕಟ್ಟಿ ಇಳಿಬಿಡಿ. ಗೋಡೆಗೆ ಅಂಟಿಸ್ಬೇಡಿ, ನಾಲ್ಕು ಇಂಚು ಬಿಟ್ಟು ಕಟ್ಟಿ, ಆ ಸಂದಿ ಇದ್ರೇನೇ ಮಧ್ಯದ ಸದ್ದನ್ನೂ ಕುಡಿಯುತ್ತೆ. ಬೇಸಿಗೆ ಕಂಬಳಿ ಏನೂ ಮಾಡಲ್ಲ, ಅದು ನೆನಪಿರ್ಲಿ. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆ. ರೆಕಾರ್ಡಿಂಗ್ 24 ಬಿಟ್, ಜೋರಾಗಿ ಹಾಡಿದಾಗ ಮೀಟರ್ ಮೈನಸ್ 12ರ ಹತ್ರ ಬಂದ್ರೆ ಸಾಕು, ಸೊನ್ನೆ ಮುಟ್ಟಿಸೋಕೆ ಹೋಗ್ಬೇಡಿ.

ಹರಿಹರ 77

ನನ್ನ ಮಾತು ಬೇರೆ. ಸೋಬಾನೆ ಪದಕ್ಕೆ ಹಾರ್ಮೋನಿಯಂ ತಬಲಾ ಯಾಕೆ ಬೇಕು ಹೇಳ್ರಿ? ಹಸೆ ಮುಂದೆ ಕೂತು ಹೆಣ್ಮಕ್ಳು ಬರೀ ದನಿಯಾಗ ಹಾಡ್ತಿದ್ದ ಪದ ಅವು. ಅವ್ರು ಉಸಿರು ಎಳ್ಕೊಳ್ಳೋ ಜಾಗಕ್ಕೆ ತಕ್ಕಂಗ ಲಯ ಹಿಂದೆ ಮುಂದೆ ಆಗ್ತತಿ, ತಬಲಾ ಹಾಕಿದ್ರೆ ಅದನ್ನ ತಾಳಕ್ಕೆ ಕಟ್ಟಿ ಹಾಕಿದಂಗ. ತಬಲಾ ಹಾಕಿದ್ದು ಇರ್ಲಿ, ಬ್ಯಾಡ ಅನ್ನಲ್ಲ, ಆದ್ರೆ ಬರೀ ದನಿ ಇರೋ ಒರಿಜಿನಲ್ ವೇವ್ ಫೈಲು ಒಂದು ಚೂರೂ ಮುಟ್ಟದೆ ಎರಡು ಕಡೆ ಕಾಪಿ ಇಡ್ರಿ. ಇನ್ನೊಂದು, ಜೋರಾಗಿ ಕೇಳ್ಲಿ ಅಂತ ಲಿಮಿಟರ್ (ಸದ್ದು ಒಂದು ಮಟ್ಟ ದಾಟದಂಗ ತಡಿಯೋದು) ಹಾಕಿ ಹಿಂಡ್ಬೇಡ್ರಿ. ಯೂಟ್ಯೂಬು ಮೈನಸ್ 14 ಲಫ್ಸ್ (ಕಿವಿಗೆ ಎಷ್ಟು ಜೋರು ಅನ್ನೋ ಅಳತಿ) ಸುತ್ತ ಇರೋ ಹಂಗೆ ತಾನೇ ಇಳಿಸ್ತತಿ, ಹಿಂಡಿದ್ದು ಮಾತ್ರ ಹಂಗೇ ಉಳೀತತಿ.

ದಾವಣಗೆರೆ ರೆಕಾರ್ಡಿಂಗ್

ಹತ್ತು ದಿನ ಆತು, ಮಾಡಿದ್ದು ಹೇಳ್ತೀನಿ. ಮೂರು ಕಂಬಳಿ ಕಟ್ಟಿ ನಾಲ್ಕು ಪದ ಮತ್ತೆ ಹಾಡಿಸ್ದೆ. ಕೋಟೆ ಕಿವಿ ಅಣ್ಣ ಹೇಳಿದಂಗ ಮೋನೋ ಮಾಡಿ ಸಣ್ಣ ವಾಲ್ಯೂಮಲ್ಲಿ ದನಿಯಿಂದ ಶುರು ಮಾಡ್ದೆ, ಹಾರ್ಮೋನಿಯಂ ನಾನು ಮೊದ್ಲು ಇಟ್ಟಿದ್ದಕ್ಕಿಂತ 7 ಡಿಬಿ ಕೆಳಗೆ ಬಂದು ಕೂತತು, ನನಗೇ ನಂಬಿಕಿ ಬರ್ಲಿಲ್ಲ. ಸಾಲಿನ ಕೊನೆ ಪದ ಎತ್ತೋದು ಎರಡು ರಾತ್ರಿ ಹಿಡೀತು. ಫೋನಲ್ಲಿ ಈಗ ಒಂದೊಂದು ಮಾತೂ ತಿಳೀತತಿ. ಹರಿಹರ ಸರ್, ಎರಡು ಪದ ಬರೀ ದನಿಯಲ್ಲೇ ಬಿಟ್ಟೀನಿ, ನೀವು ಹೇಳಿದ್ದು ಖರೆ, ದೊಡ್ಡಮ್ಮಗೂ ಅವೇ ಹಿಡಿಸಿದ್ವು. ಕೇಳ್ತಾ ಕೇಳ್ತಾ "ಇದ್ರಾಗ ನಡುವೆ ಎರಡು ಸಾಲು ಬಿಟ್ಟೀನಲ್ಲೋ" ಅಂದ್ರು, ಭಾನುವಾರ ಮತ್ತೆ ಕೂರ್ತೀವಿ.

ಒಂದು ಉಳಿದೈತಿ. ಲಯಕ್ಕೆ ತೊಡಿ ಮೇಲೆ ಕೈ ತಟ್ಕೊಂಡು ಹಾಡ್ತಾರೆ, ಗಾಜಿನ ಬಳಿ ಸದ್ದು ಚಿಲ್ ಚಿಲ್ ಅಂತ ದನಿ ಮೇಲೇ ಬಂದು ಕೂತೈತಿ. ಬಳಿ ತೆಗೀರಿ ಅಂತ ಹೇಳೋಕೆ ನಂಗೆ ಮನಸ್ಸಿಲ್ಲ. ಈಕ್ಯೂನಲ್ಲಿ ತೆಗೆದ್ರೆ ದನಿನೂ ಮಂಕಾಗ್ತತಿ.

ಕೋಟೆ ಕಿವಿ

ತೆಗೀಬೇಡಿ, ತೆಗೆಸ್ಲೂಬೇಡಿ. ತೊಡೆ ಮೇಲೆ ಒಂದು ದಪ್ಪ ಟವಲ್ ನಾಲ್ಕು ಮಡಿಕೆ ಮಾಡಿ ಇಡಿ, ಕೈ ಅದರ ಮೇಲೆ ತಟ್ಲಿ. ಮೈಕ್‌ನ ಹಣೆ ಮಟ್ಟಕ್ಕೆ ಏರಿಸಿ ಬಾಯಿ ಕಡೆ ಬಗ್ಗಿಸಿದ್ರೆ ಕೈ ಇನ್ನೂ ದೂರ ಆಗುತ್ತೆ. ಬಳೆ ಸದ್ದು ಹಿಂದೆ ಸಣ್ಣಗೆ ಇರುತ್ತೆ, ಇರ್ಲಿ ಬಿಡಿ, ಹಾಡ್ತಿರೋದು ನಿಮ್ಮ ದೊಡ್ಡಮ್ಮ ಅಂತ ಗೊತ್ತಾಗ್ಬೇಕಲ್ಲ.